ಗಿಡದ ಜೊತೆ ವೈದ್ಯರ ಹೆಸರೂ ಅಚ್ಚಾಯಿತು

ಮಲಬಾರಿನ ಗಿಡಮರಗಳ ಬಗ್ಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದ ‘ಹೊರ್ಟುಸ್ ಮಲಬಾರಿಕುಸ್’ ಡಚ್ ಅಧಿಕಾರಿ ವಾನ್ ರೀಡ್ ಒಬ್ಬನದೇ ಸಾಧನೆಯಲ್ಲ. ಗಿಡಗಳ ಗುಣ, ಮದ್ದಿನ ಬಳಕೆ ತಿಳಿಸಿದವರಲ್ಲಿ ಈಳವ ವೈದ್ಯ ಇಟ್ಟಿ ಅಚ್ಚುದನ್, ಕೊಂಕಣಿ ಪಂಡಿತರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಪ್ರಮುಖರು. ಮೊದಲ ಸಂಪುಟದಲ್ಲಿ ಇವರ ಹೇಳಿಕೆಗಳು ಅವರವರ ಲಿಪಿಯಲ್ಲೇ ಇವೆ. ಚಿತ್ರಗಳ ಮೇಲೆ ಗಿಡದ ಹೆಸರು ಲ್ಯಾಟಿನ್ ಜೊತೆಗೆ ಮಲಯಾಳಂ, ಅರಬ್ಬಿ, ನಾಗರಿ ಅಕ್ಷರಗಳಲ್ಲೂ ಉಂಟು!

ಡಚ್ಚರಿಗೆ ಬೇಕಿದ್ದದ್ದು ವ್ಯಾಪಾರದ ಲಾಭವಲ್ಲವೇ ಎಂದು ಕೇಳಬಹುದು. ಲಾಭದ ಲೆಕ್ಕ ಇದ್ದದ್ದು ನಿಜ. ಆದರೆ ಹೇಳಿಕೊಟ್ಟವರ ಹೆಸರು ಉಳಿದದ್ದರಿಂದಲೇ ಆ ತಿಳಿವಳಿಕೆ ಯಾರದೆಂದು ಇಂದು ಖಚಿತವಾಗಿ ಹೇಳಲು ಸಾಧ್ಯವಾಗಿದೆ. ಕೊಡುಕೊಳ್ಳುವಿಕೆಗೂ ಕಸಿದುಕೊಳ್ಳುವುದಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಇದು. ಮುಂದೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ ಕೂಡ ಈ ಗ್ರಂಥವನ್ನು ನೆಚ್ಚಿಕೊಂಡ. ಕೆ.ಎಸ್. ಮಣಿಲಾಲ್ ಮಾಡಿದ ಇಂಗ್ಲಿಷ್ ಅನುವಾದವನ್ನು ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಪ್ರಕಟಿಸಿತು.