ಹೊಸಕೋಟೆ ಮೊದಲೋ, ಹೊಳಲ್ಕೆರೆ ಮೊದಲೋ?

ಹೊಸಕೋಟೆ ತಾಲೂಕಿನ ಹೋಬಳಿಗಳು ಐದು: ಅನುಗೊಂಡನಹಳ್ಳಿ, ಕಸಬಾ, ಜಡಿಗೇನಹಳ್ಳಿ, ನಂದಗುಡಿ, ಸೂಲಿಬೆಲೆ. ಇಷ್ಟನ್ನು ಅಕಾರಾದಿಯಾಗಿ ಬರೆಯಲು ಯಂತ್ರ ಬೇಕಿಲ್ಲ. ನಂದಗುಡಿ ಹೋಬಳಿಯ ಹಳ್ಳಿಗಳನ್ನೆಲ್ಲ ಅವುಗಳ ಕೆರೆ, ಗುಡಿ, ಶಾಲೆ, ಶಾಸನಗಳ ವಿವರದೊಂದಿಗೆ ಒಂದು ಜಾಲತಾಣದಲ್ಲಿ ಸೇರಿಸಲು ಹೊರಟಾಗ ಮಾತ್ರ ಕೈಯಲ್ಲಿ ಬರೆದ ಪಟ್ಟಿ ಸಾಲುವುದಿಲ್ಲ. ಶಾಸನಗಳನ್ನೇ ನೋಡಿ. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಅಲ್ಲಿ ಪ್ರತಿ ಶಾಸನಕ್ಕೂ ತಾಲೂಕುವಾರು ಸಂಖ್ಯೆಯಿದೆ. ಆ ಸಂಖ್ಯೆ ವಿದ್ವಾಂಸರಿಗೆ ಗೊತ್ತು. ಊರಿನವರಿಗೆ ಗೊತ್ತಿರುವುದು ಊರಿನ ಹೆಸರು. ಹೆಸರು ಹಿಡಿದು ಹುಡುಕುವವರಿಗೆ ಅಕಾರಾದಿ ಪುಟ ಬೇಕೇ ಬೇಕು.

ವರ್ಡ್‌ಪ್ರೆಸ್, ಡ್ರೂಪಲ್, ಮೀಡಿಯಾವಿಕಿಯಂಥ ತಂತ್ರಾಂಶಗಳಿಗೆ ಒಟ್ಟಾಗಿ ಸಿಎಂಎಸ್, ಅಂದರೆ ವಿಷಯ ನಿರ್ವಹಣಾ ವ್ಯವಸ್ಥೆ, ಎನ್ನುತ್ತಾರೆ. ಇವುಗಳಲ್ಲಿ ಅಕಾರಾದಿ ಪುಟವನ್ನು ಯಾರೂ ಕೂತು ಟೈಪ್ ಮಾಡುವುದಿಲ್ಲ. ಒಂದೊಂದು ಹಳ್ಳಿಗೂ ಒಂದೊಂದು ನಮೂದು, ಆ ನಮೂದಿಗೊಂದು ಶೀರ್ಷಿಕೆ, ಹೋಬಳಿಯ ಹೆಸರಿನ ಒಂದು ವರ್ಗ. ಓದುಗರು ಪುಟ ತೆರೆದಾಗ ತಂತ್ರಾಂಶವು ಡೇಟಾಬೇಸಿನಿಂದ ಶೀರ್ಷಿಕೆಗಳನ್ನು ತರಿಸಿಕೊಂಡು, ಕ್ರಮವಾಗಿ ಜೋಡಿಸಿ, ಮೊದಲ ಅಕ್ಷರದ ಪ್ರಕಾರ ಗುಂಪು ಮಾಡಿ ತೋರಿಸುತ್ತದೆ. ನಾಳೆ ಹೊಸ ಹಳ್ಳಿಯೊಂದರ ನಮೂದು ಸೇರಿದರೆ ಪಟ್ಟಿಯಲ್ಲಿ ಅದು ತಾನಾಗಿಯೇ ಬಂದು ಕೂರುತ್ತದೆ. ಡ್ರೂಪಲ್‌ನಲ್ಲಿ ‘ವ್ಯೂಸ್’ ಎಂಬ ಅಂಗದೊಳಗೆ ‘ಗ್ಲಾಸರಿ’ ಎಂಬ ಸಿದ್ಧ ಮಾದರಿಯೇ ಇದೆ, ಅದನ್ನು ಚಾಲೂ ಮಾಡಿದರಾಯಿತು. ಮೀಡಿಯಾವಿಕಿಯಲ್ಲಿ ವರ್ಗದ ಪುಟ ಈ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ವರ್ಡ್‌ಪ್ರೆಸ್‌ಗೆ ಪ್ಲಗಿನ್ ಎಂಬ ಹೆಚ್ಚುವರಿ ತಂತ್ರಾಂಶ ಹಾಕಿಕೊಳ್ಳಬೇಕು.

ಮೊದಲ ಅಕ್ಷರವನ್ನು ಕತ್ತರಿಸುವಲ್ಲಿ ಒಂದು ಎಚ್ಚರ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರವೊಂದಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಇಂಗ್ಲಿಷಿಗೆಂದು ಬರೆದ ಪ್ಲಗಿನ್ ಮೊದಲ ಬೈಟನ್ನಷ್ಟೇ ಕತ್ತರಿಸಿಕೊಂಡರೆ ‘ನ’ ಇರಬೇಕಾದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿ ಕಾಣುತ್ತದೆ. ಈ ತಪ್ಪು ಕಣ್ಣಿಗೆ ಹೊಡೆಯುವುದರಿಂದ ಬೇಗ ಸರಿಹೋಗುತ್ತದೆ. ಕಣ್ಣಿಗೆ ಬೀಳದೆ ಉಳಿಯುವ ತಪ್ಪು ಬೇರೆಯೇ ಇದೆ, ಈ ಅಧ್ಯಾಯದ ಮುಖ್ಯ ವಿಷಯವೂ ಅದೇ.

ರಾಜ್ಯದ ಊರುಗಳ ಪಟ್ಟಿಯಲ್ಲಿ ‘ಹೊ’ ಇಂದ ಶುರುವಾಗುವ ಕೆಲವನ್ನು ತೆಗೆದುಕೊಳ್ಳಿ. ನಿಘಂಟಿನ ಕ್ರಮದಲ್ಲಿ ಅವು ಹೀಗೆ ಬರಬೇಕು: ಹೊನ್ನಾಳಿ, ಹೊಸಕೋಟೆ, ಹೊಸದುರ್ಗ, ಹೊಸಪೇಟೆ, ಹೊಳಲ್ಕೆರೆ, ಹೊಳೆನರಸೀಪುರ. ಒಂದೊಂದು ಅಕ್ಷರಕ್ಕೂ ಯೂನಿಕೋಡ್ ಕೊಟ್ಟಿರುವ ಸಂಕೇತಸಂಖ್ಯೆಯನ್ನಷ್ಟೇ ನೋಡಿ ಜೋಡಿಸುವ ಯಂತ್ರ ಹೊಳಲ್ಕೆರೆ, ಹೊಳೆನರಸೀಪುರಗಳನ್ನು ಹೊಸಕೋಟೆಗಿಂತ ಮುಂದೆ ತಂದಿಡುತ್ತದೆ. ವರ್ಣಮಾಲೆಯಲ್ಲಿ ‘ಳ’ ಕೊನೆಯದು, ‘ಹ’ ಆದ ಮೇಲೆ ಬರುವುದು. 1894ರ ಕಿಟೆಲ್ ನಿಘಂಟಿನಿಂದ ಹಿಡಿದು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನವರೆಗೆ ಪಾಲಿಸಿದ ಕ್ರಮವದು. ಯೂನಿಕೋಡ್ ಕೋಷ್ಟಕದಲ್ಲಾದರೋ ‘ಳ’ ಕೂತಿರುವುದು ‘ಲ’ದ ಪಕ್ಕದಲ್ಲಿ, ‘ವ’ಕ್ಕೂ ಮೊದಲು.

ಹೀಗೇಕಾಯಿತು? ಯೂನಿಕೋಡ್ ತನ್ನ ಭಾರತೀಯ ಲಿಪಿಗಳ ಕೋಷ್ಟಕವನ್ನು ರೂಪಿಸಿದ್ದು 1988ರ ಇಸ್ಕಿ ಸಂಕೇತ ಪದ್ಧತಿಯ ಆಧಾರದ ಮೇಲೆ. ಇಸ್ಕಿಯಲ್ಲಿ ದೇವನಾಗರಿ, ಬಂಗಾಳಿ, ತಮಿಳು, ತೆಲುಗು, ಕನ್ನಡ ಎಲ್ಲಕ್ಕೂ ಒಂದೇ ಚೌಕಟ್ಟು. ಒಂದು ಲಿಪಿಯಿಂದ ಇನ್ನೊಂದಕ್ಕೆ ಸಲೀಸಾಗಿ ಬದಲಾಯಿಸಲು ಮಾಡಿಕೊಂಡ ಏರ್ಪಾಡು. ಆ ಚೌಕಟ್ಟಿನಲ್ಲಿ ಲ, ಳ, ೞ ಒಂದರ ಪಕ್ಕ ಒಂದು. ಅದರ ಗುರುತು ಈಗಲೂ ಉಳಿದಿದೆ: ಕನ್ನಡ ಕೋಷ್ಟಕದಲ್ಲಿ ‘ಳ’ ಮತ್ತು ‘ವ’ ನಡುವೆ ಒಂದು ಮನೆ ಖಾಲಿ ಬಿದ್ದಿದೆ, ಹಳಗನ್ನಡದ ‘ೞ’ ಇನ್ನೆಲ್ಲೋ ದೂರದಲ್ಲಿದೆ. ಇದನ್ನು ಯೂನಿಕೋಡಿನ ತಪ್ಪೆನ್ನುವುದು ನ್ಯಾಯವಲ್ಲ. ಸಂಕೇತಸಂಖ್ಯೆ ಇರುವುದು ಅಕ್ಷರವನ್ನು ಗುರುತಿಸಲು. ಅಕ್ಷರಗಳ ಕ್ರಮಕ್ಕೆ ಯೂನಿಕೋಡ್ ಪ್ರತ್ಯೇಕ ವಿಂಗಡಣಾ ನಿಯಮಗಳನ್ನು ಕೊಟ್ಟಿದೆ, ಅಲ್ಲಿ ‘ಳ’ ‘ಹ’ದ ನಂತರವೇ ಬರುತ್ತದೆ. ತಾಣ ಕಟ್ಟುವವರು ಆ ನಿಯಮವನ್ನು ಬಳಸಿದ್ದಾರೆಯೇ ಎಂಬುದಷ್ಟೇ ಪ್ರಶ್ನೆ.

ಈ ತಪ್ಪು ಕಣ್ಣಿಗೆ ಬೀಳದಿರಲು ಕಾರಣವಿದೆ. ‘ಳ’ ಇಂದ ಶುರುವಾಗುವ ಊರುಗಳಿಲ್ಲ. ಪುಟದ ಮೇಲ್ಗಡೆಯ ಅಕ್ಷರಪಟ್ಟಿ ನೋಡಿದರೆ ಅ ಇಂದ ಹ ವರೆಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತಪ್ಪು ಅಡಗಿರುವುದು ಹೆಸರಿನ ಎರಡನೆಯ, ಮೂರನೆಯ ಅಕ್ಷರದಲ್ಲಿ. ಇಪ್ಪತ್ತು ಹೆಸರಿನ ಪಟ್ಟಿಯಾದರೆ ಓದುಗರು ಹೇಗೋ ಕಣ್ಣಾಡಿಸಿ ಹುಡುಕಿಕೊಳ್ಳುತ್ತಾರೆ. ಸಾವಿರ ಹೆಸರಿದ್ದರೆ ‘ಇಲ್ಲಿ ನಮ್ಮೂರಿಲ್ಲ’ ಎಂದುಕೊಂಡು ಹೊರಟುಹೋಗುತ್ತಾರೆ.

ಪರಿಹಾರ ಕಷ್ಟದ್ದಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಪ್ರತಿ ಕಾಲಂಗೂ ‘ಕೊಲೇಶನ್’ ಎಂಬ ವಿಂಗಡಣಾ ಪದ್ಧತಿ ಇರುತ್ತದೆ. ಅದರ ಹೆಸರಿನಲ್ಲಿ ‘ಜನರಲ್’ ಅಥವಾ ‘ಬಿನ್’ ಎಂದಿದ್ದರೆ ಕನ್ನಡವನ್ನು ಸಂಕೇತಸಂಖ್ಯೆಯ ಪ್ರಕಾರ ಜೋಡಿಸುತ್ತದೆ. ‘ಯೂನಿಕೋಡ್’ ಅಥವಾ ‘0900’ ಎಂದಿರುವುದನ್ನು ಆರಿಸಿದರೆ ಯೂನಿಕೋಡಿನ ವಿಂಗಡಣಾ ನಿಯಮ ಅನ್ವಯವಾಗುತ್ತದೆ. ಪಿಎಚ್‌ಪಿಯ ‘ಕೊಲೇಟರ್’, ಜಾವಾಸ್ಕ್ರಿಪ್ಟಿನ ‘ಇಂಟಲ್ ಕೊಲೇಟರ್’ಗಳಿಗೂ ಭಾಷೆ ಕನ್ನಡ ಎಂದು ತಿಳಿಸಿದರೆ ಸಾಕು.

ಯಂತ್ರ ಸರಿಯಿದ್ದರೂ ಟೈಪ್ ಮಾಡಿದ್ದು ಸರಿಯಿರಬೇಕು. ‘ನಂದಗುಡಿ’ ಮತ್ತು ‘ನ೦ದಗುಡಿ’ ಎರಡನ್ನೂ ಹತ್ತಿರದಿಂದ ನೋಡಿ. ಮೊದಲನೆಯದರಲ್ಲಿ ಅನುಸ್ವಾರವಿದೆ, ಎರಡನೆಯದರಲ್ಲಿರುವುದು ಕನ್ನಡದ ಸೊನ್ನೆ ಅಂಕಿ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ, ಯಂತ್ರಕ್ಕೆ ಎರಡೂ ಬೇರೆ ಬೇರೆ ಪದ. ಸಂಕೇತಸಂಖ್ಯೆಯ ಕ್ರಮದಲ್ಲಿ ಸೊನ್ನೆಯ ನಂದಗುಡಿ ನಾ, ನಿ, ನೆ ಎಲ್ಲ ದಾಟಿ ‘ನ’ ಗುಂಪಿನ ತುದಿಗೆ ಹೋಗುತ್ತದೆ. ಸರಿಯಾಗಿ ಟೈಪ್ ಮಾಡಿ ಹುಡುಕಿದವರಿಗೆ ಅದು ಸಿಗುವುದೂ ಇಲ್ಲ. ಅಕ್ಷರಗಳ ನಡುವೆ ಸಿಕ್ಕಿಬಿದ್ದ ಸೊನ್ನೆಯನ್ನು ಅನುಸ್ವಾರವಾಗಿ ಬದಲಾಯಿಸುವ ಒಂದು ಸಣ್ಣ ಸಾಲನ್ನು ನಮೂದು ಉಳಿಸುವ ಹಂತದಲ್ಲೇ ಸೇರಿಸುವುದು ಒಳ್ಳೆಯದು. ‘ೋ’ಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು, ಅವನ್ನು ಒಂದೇ ರೂಪಕ್ಕೆ ತರುವ ‘ನಾರ್ಮಲೈಸೇಶನ್’ ಕೂಡ ಅಲ್ಲೇ ಆಗಲಿ.

ಇನ್ನು ಕೆಲವು ತೀರ್ಮಾನ ಮನುಷ್ಯರೇ ಮಾಡಬೇಕಾದವು. ಗುಡಿಗಳ ಪಟ್ಟಿಯಲ್ಲಿ ‘ಶ್ರೀ’ ಸೇರಿಸಿ ಬರೆದರೆ ಎಲ್ಲವೂ ‘ಶ’ ಗುಂಪಿನಲ್ಲೇ ರಾಶಿ ಬೀಳುತ್ತವೆ. ವ್ಯಕ್ತಿಗಳ ಪಟ್ಟಿಯಲ್ಲಿ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರ ಹೆಸರು ‘ಜ’ ಅಡಿಯಲ್ಲಿ ಬರಬೇಕೋ ‘ವ’ ಅಡಿಯಲ್ಲೋ? ನನ್ನ ಪ್ರಕಾರ ‘ವ’ ಅಡಿಯಲ್ಲೇ ಬರಬೇಕು, ಜನ ಹುಡುಕುವುದು ಅಲ್ಲೇ. ಇದಕ್ಕೆಂದು ಶೀರ್ಷಿಕೆಯ ಜೊತೆಗೆ ‘ವಿಂಗಡಣೆಯ ಹೆಸರು’ ಎಂದು ಇನ್ನೊಂದು ಕಾಲಂ ಇಟ್ಟುಕೊಳ್ಳಿ. ಮೀಡಿಯಾವಿಕಿಯಲ್ಲಿ ‘ಡಿಫಾಲ್ಟ್‌ಸಾರ್ಟ್’ ಮಾಡುವುದು ಇದನ್ನೇ. ಶಾಲೆಯ ಗೋಡೆಪಟದಲ್ಲಿ ‘ಕ್ಷ’, ‘ಜ್ಞ’ಗಳನ್ನು ‘ಳ’ದ ನಂತರ ಬರೆದಿರುತ್ತಾರೆ. ನಿಘಂಟಿನಲ್ಲಿ ಅವು ಕ, ಜ ಗುಂಪುಗಳ ಕೊನೆಗೆ ಸೇರುತ್ತವೆ, ಅಕ್ಷರಪಟ್ಟಿಯಲ್ಲಿ ಅವಕ್ಕೆ ಬೇರೆ ಗುಂಡಿ ಬೇಡ. ಕನ್ನಡ ಪುಟಕ್ಕೂ ಎ ಇಂದ ಜೆಡ್ ವರೆಗಿನ ಇಂಗ್ಲಿಷ್ ಪಟ್ಟಿಯನ್ನೇ ಅಂಟಿಸುವ ಅಭ್ಯಾಸವನ್ನಂತೂ ಬಿಡಲೇಬೇಕು. ಕನ್ನಡದಲ್ಲಿ ಓದುವವರು ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೆಂದು ಊಹಿಸುತ್ತ ಕೂರುವಂತಾಗಬಾರದು.

ಪಂಚಾಯಿತಿಗೋ, ಶಾಲೆಗೋ, ಗ್ರಂಥಾಲಯಕ್ಕೋ ತಾಣ ಕಟ್ಟಿಕೊಡುವ ಗೆಳೆಯರಲ್ಲಿ ಒಂದು ವಿನಂತಿ: ಪುಟವನ್ನು ಜನರ ಕೈಗೆ ಕೊಡುವ ಮುನ್ನ ಹೊಳಲ್ಕೆರೆ, ಹೊಸಕೋಟೆ ಎಂದು ಎರಡು ನಮೂದು ಹಾಕಿ ಪರೀಕ್ಷಿಸಿ. ಹೊಸಕೋಟೆ ಮೇಲೆ ಬಂದರೆ ಮುಂದುವರಿಯಿರಿ. ಬಾರದಿದ್ದರೆ ಕೊಲೇಶನ್ ಬದಲಾಯಿಸಿ.