ಪರವಾನಗಿ ಪಡೆದ ಪಗಡೆ

ಧರ್ಮರಾಯನು ದ್ಯೂತಸಭೆಯಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ಕೊನೆಗೆ ದ್ರೌಪದಿಯನ್ನೂ ಒತ್ತೆಯಿಟ್ಟು ಸೋತ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಆ ಸಭೆಯಲ್ಲಿ ಶಕುನಿಯ ದಾಳಗಳನ್ನು ಪರೀಕ್ಷಿಸಿದವರು ಯಾರು? ಒತ್ತೆಗೆ ಮಿತಿ ಹಾಕಿದವರು ಯಾರು? ವಿದುರನೊಬ್ಬನು ಬೇಡವೆಂದನು, ಅವನ ಮಾತಿಗೆ ಅಧಿಕಾರದ ಬಲವಿರಲಿಲ್ಲ.

ಆ ಬಲವನ್ನು ಒದಗಿಸಲು ಯತ್ನಿಸಿದವನು ಕೌಟಿಲ್ಯ. ಅರ್ಥಶಾಸ್ತ್ರದ ವಿಧಿಯಂತೆ ದ್ಯೂತಾಧ್ಯಕ್ಷನು ಜೂಜನ್ನು ಒಂದೇ ಸ್ಥಳದಲ್ಲಿ ನಡೆಯಿಸಬೇಕು. ಬೇರೆಡೆ ಆಡಿದವರಿಗೆ 12 ಪಣಗಳ ದಂಡ. ದಾಳಗಳು ಅಧಿಕಾರಿಯ ದಾಳಗಳೇ ಆಗಿರಬೇಕು. ಗೆದ್ದ ಹಣದಲ್ಲಿ ನೂರಕ್ಕೆ 5ರಷ್ಟು ಅಧ್ಯಕ್ಷನಿಗೆ ಸಲ್ಲತಕ್ಕದ್ದು.

ಇಂದು ಪಗಡೆಯ ಹಾಸು ಅಂಗೈಯೊಳಗಿನ ಮೊಬೈಲಿಗೆ ಬಂದಿದೆ. ಜೂಜಿನ ಮನೆ ಯಾವ ದೇಶದಲ್ಲಿದೆಯೆಂಬುದು ಆಡುವವನಿಗೇ ತಿಳಿಯದು. ಈ ತೊಡಕನ್ನು ಬ್ರಿಟನ್ ಬಿಡಿಸಹೊರಟ ಬಗೆ ಗಮನಾರ್ಹವಾದುದು. ಅಲ್ಲಿ ಪರವಾನಗಿ ನೀಡುವ ಅಧಿಕಾರವುಳ್ಳದ್ದು 2005ರ ಶಾಸನದಿಂದ ಸ್ಥಾಪಿತವಾದ ಜೂಜು ಆಯೋಗ. 2014ರಲ್ಲಿ ಪಾರ್ಲಿಮೆಂಟು ಇನ್ನೊಂದು ಬಿಗಿ ಹಾಕಿತು: ಸಂಸ್ಥೆಯು ಮಾಲ್ಟಾದಲ್ಲಿರಲಿ, ಜಿಬ್ರಾಲ್ಟರಿನಲ್ಲಿರಲಿ, ಆಡುವವನು ಬ್ರಿಟನ್ನಿನಲ್ಲಿದ್ದರೆ ಆಯೋಗದ ಪರವಾನಗಿ ಬೇಕೇ ಬೇಕು.

ಪರವಾನಗಿ ಬೇಡುವ ಸಂಸ್ಥೆಯು ತನ್ನ ಒಡೆಯರು ಯಾರು, ಬಂಡವಾಳ ಬಂದುದೆಲ್ಲಿಂದ ಎಂಬುದನ್ನು ತಿಳಿಸಬೇಕು. ಯಂತ್ರದ ದಾಳವನ್ನು ಸ್ವತಂತ್ರ ಪ್ರಯೋಗಾಲಯಕ್ಕೆ ಒಪ್ಪಿಸಿ ಪರೀಕ್ಷಿಸಿಸಬೇಕು. ಸಂಸ್ಥೆ ದಿವಾಳಿಯೆದ್ದರೆ ಗ್ರಾಹಕರು ಇಟ್ಟ ಹಣಕ್ಕೆ ರಕ್ಷಣೆಯುಂಟೋ ಇಲ್ಲವೋ ಎಂಬುದನ್ನು ಮುಚ್ಚಿಡದೆ ಹೇಳಬೇಕು. 18 ವರ್ಷ ತುಂಬಿದುದನ್ನು ಖಚಿತಪಡಿಸಿಕೊಂಡ ಮೇಲೆಯೇ ಆಟಕ್ಕೆ ಬಿಡಬೇಕು. 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡಿನ ಸಾಲದಲ್ಲಿ ಆಡುವುದು ನಿಷಿದ್ಧ. "ನನ್ನನ್ನು ಒಳಗೆ ಬಿಡಬೇಡಿ" ಎಂದು ತಾನಾಗಿ ಹೆಸರು ನೋಂದಾಯಿಸಿದವನಿಗೆ ಪರವಾನಗಿ ಪಡೆದ ಸಂಸ್ಥೆಗಳೆಲ್ಲವೂ ಬಾಗಿಲು ಮುಚ್ಚಬೇಕು. 2025ರಲ್ಲಿ ಸ್ಲಾಟ್ ಆಟದ ಒಂದು ಸರದಿಗೆ 5 ಪೌಂಡಿನ ಮಿತಿ ಬಂದಿತು; 25 ವರ್ಷದೊಳಗಿನವರಿಗೆ 2 ಪೌಂಡು.

ಇಷ್ಟು ಕಟ್ಟುಪಾಡುಗಳಿದ್ದೂ ಅನಾಹುತ ತಪ್ಪಲಿಲ್ಲ. 2023ರಲ್ಲಿ ವಿಲಿಯಂ ಹಿಲ್ ಸಮೂಹವು 1 ಕೋಟಿ 92 ಲಕ್ಷ ಪೌಂಡುಗಳನ್ನು ತೆರಬೇಕಾಯಿತು. ಹೊಸದಾಗಿ ಖಾತೆ ತೆರೆದ ಗ್ರಾಹಕನೊಬ್ಬನು 20 ನಿಮಿಷಗಳಲ್ಲಿ 23,000 ಪೌಂಡು ವ್ಯಯಿಸಿದಾಗಲೂ ಯಾರೂ ವಿಚಾರಿಸಿರಲಿಲ್ಲವೆಂದು ಆಯೋಗವು ತಿಳಿಸಿತು. ನಿಯಮವಿದ್ದಿತು, ಕಾವಲು ನಿದ್ರಿಸಿತ್ತು.

ಭಾರತವು ಹಿಡಿದುದು ಬೇರೆ ದಾರಿ. ಕರ್ನಾಟಕವು 2021ರಲ್ಲಿ ತಂದ ನಿಷೇಧದ ವಿಧಿಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯಿದೆ ಮಾಡಿ, ಹಣ ಒಡ್ಡಿ ಆಡುವ ಅಂತರಜಾಲದ ಆಟಗಳನ್ನು, ಅವು ಅದೃಷ್ಟದವಾಗಲಿ ಕೌಶಲದವಾಗಲಿ, ನಿಷೇಧಿಸಿತು.

ಪರವಾನಗಿಯ ಸ್ವಾರಸ್ಯವೂ ದೌರ್ಬಲ್ಯವೂ ಒಂದೆಡೆಯೇ ಇವೆ. ಆಡುವವನ ಸೋಲಿನಿಂದ ಬದುಕುವವನನ್ನೇ ಅದು ಅವನ ಕಾವಲಿಗೆ ನಿಲ್ಲಿಸುತ್ತದೆ. ಶಕುನಿಗೆ ವಿದುರನ ಕೆಲಸವನ್ನು ವಹಿಸುತ್ತದೆ. ನಿಷೇಧವಾದರೋ ಎದುರಿನ ಬಾಗಿಲನ್ನು ಮುಚ್ಚೀತು, ಹಿತ್ತಿಲ ಬಾಗಿಲು ತೆರೆದೇ ಉಳಿದೀತು. ದೀಪಾವಳಿಯ ರಾತ್ರಿ ಹಿರಿಯರ ಕಣ್ಣೆದುರು ಇಸ್ಪೀಟು ಆಡುವ ಹುಡುಗನನ್ನು ಎಬ್ಬಿಸಲು ತಾಯಿಯ ಒಂದು ಕರೆ ಸಾಕು. ಹೊದಿಕೆಯೊಳಗೆ ಬೆಳಗುವ ಪುಟ್ಟ ಪರದೆಯ ಮುಂದೆ ಕುಳಿತವನಿಗೆ ಆ ಕರೆ ತಲಪುವ ಮೊದಲೇ ತಿಂಗಳ ಸಂಬಳ ಕರಗಿರಬಹುದು. ಕಾನೂನು ಯಾವುದೇ ಇರಲಿ, ಮನೆಯ ವಿದುರನು ಎಚ್ಚರವಾಗಿರಬೇಕಾದ ಕಾಲವಿದು.