ಆಟಗಾರನ ಮನೆಯೂ ಅಭಿಮಾನಿಯ ನ್ಯಾಯವೂ

ಕಂಪ್ಲಿಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕುಮಾರರಾಮನ ಕಥೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಕಂಪಿಲರಾಯನ ಮಗನಾದ ಈ ವೀರನು ಒಂದು ದಿನ ಚೆಂಡಾಡುತ್ತಿರಲು, ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಹೋಗಿ ಬಿದ್ದಿತು. ಅದನ್ನು ತರಲು ಹೋದವನಲ್ಲಿ ಆಕೆ ಅನುರಕ್ತಳಾಗಿ, ತನ್ನ ಬಯಕೆಯು ಸಲ್ಲದೆ ಹೋಗಲು ಅವನ ಮೇಲೆಯೇ ದೂರು ಹೊರಿಸಿದಳು. ರಾಯನು ಮಗನ ಮಾತನ್ನು ಕೇಳದೆ, ಸಾಕ್ಷಿಯನ್ನು ಕರೆಯಿಸದೆ, ತಲೆ ಹೊಡೆಯಲು ಅಪ್ಪಣೆಯಿತ್ತನು. ಮಂತ್ರಿ ಬೈಚಪ್ಪನು ಉಪಾಯದಿಂದ ಕುಮಾರನನ್ನು ಅಡಗಿಸಿಟ್ಟುದರಿಂದ ಮಾತ್ರ, ಮುಂದೆ ದಿಲ್ಲಿಯ ದಂಡು ಮೇಲೆ ಬಿದ್ದಾಗ ಅವನ ತೋಳು ನಾಡಿಗೆ ಒದಗಿತು. ಕಂಪಿಲಿಯ ರಾಜ್ಯವು ೧೩೨೭ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ಸೋತು ಅಳಿದುದು ಇತಿಹಾಸ. ಉಳಿದುದರಲ್ಲಿ ಕವಿಕಲ್ಪನೆ ಎಷ್ಟೆಂಬ ಚರ್ಚೆಯು ಪಂಡಿತರಿಗಿರಲಿ. ನಮ್ಮ ಪ್ರಕೃತಕ್ಕೆ ಬೇಕಾದ ಮಾತು ಒಂದೇ: ಚೆಂಡಾಡುವವನ ಖಾಸಗಿ ನಡತೆಯನ್ನು ಕುರಿತು, ವಿಚಾರಣೆ ಮಾಡದೆ ತೀರ್ಪು ಕೊಡುವ ಚಪಲವು ಈ ಸೀಮೆಗೂ ಹೊಸದಲ್ಲ.

ಇಂದು ಆ ರಾಯನ ಸಿಂಹಾಸನದ ಮೇಲೆ ಅಭಿಮಾನಿಯು ಕುಳಿತಿರುವನು. ಅಂಗೈಯಗಲದ ಮೊಬೈಲಿನಲ್ಲಿ ಜಗತ್ತಿನ ಫುಟ್‌ಬಾಲ್ ಪಂದ್ಯಗಳೆಲ್ಲವೂ ಕಾಣಸಿಗುವ ಈ ಕಾಲದಲ್ಲಿ, ಯೂರೋಪಿನ ಆಟಗಾರನು ಹೊಡೆದ ಗೋಲಿನೊಡನೆ ಅವನ ಮನೆಯ ಜಗಳವೂ, ಕುಡಿತವೂ, ನ್ಯಾಯಾಲಯದ ವ್ಯಾಜ್ಯವೂ ಎಮ್ಮಿಗನೂರಿನ ಹುಡುಗನಿಗೆ ಆ ದಿನವೇ ತಿಳಿಯುವವು. ತಿಳಿದ ಮೇಲೆ ತೀರ್ಪು ತಪ್ಪದು. ಆದರೆ ಈ ತೀರ್ಪುಗಳನ್ನು ಸ್ವಲ್ಪ ತಾಳ್ಮೆಯಿಂದ ಪರೀಕ್ಷಿಸಿ ನೋಡಿದವರಿಗೆ ಒಂದು ವಿಚಿತ್ರವು ಕಾಣದಿರದು. ಅಭಿಮಾನಿಯು ನೀತಿಯನ್ನು ತೂಗುತ್ತಿರುವೆನೆಂದು ಭಾವಿಸುವನು; ವಸ್ತುತಃ ಅವನು ತೂಗುವದು ಗೆಲವನ್ನು. ಗೆದ್ದೆತ್ತಿನ ಬಾಲ ಹಿಡಿಯುವದೂ, ಬಿದ್ದವನಿಗೆ ಆಳಿಗೊಂದು ಕಲ್ಲೆಸೆಯುವದೂ ಅವನ ಧರ್ಮಶಾಸ್ತ್ರದ ಎರಡೇ ಸೂತ್ರಗಳು. ಇದಕ್ಕೆ ಫುಟ್‌ಬಾಲಿನ ಮೂವರು ಮಹಾ ಆಟಗಾರರ ಜೀವನವೇ ಸಾಕ್ಷಿಯಾಗಿರುವದು.

ಮೊದಲನೆಯವನು ಬ್ರಜಿಲ್ ದೇಶದ ಗರಿಂಚಾ. ೧೯೩೩ರಲ್ಲಿ ಪಾವು ಗ್ರಾಂಜಿ ಎಂಬ ಗಿರಣಿಯ ಊರಿನಲ್ಲಿ ಹುಟ್ಟಿದ ಈತನ ಕಾಲುಗಳು ಹುಟ್ಟಿನಿಂದಲೇ ಸೊಟ್ಟಗಿದ್ದುವು. ಆ ಸೊಟ್ಟ ಕಾಲುಗಳಿಂದಲೇ ಆತನು ೧೯೫೮ ಮತ್ತು ೧೯೬೨ರ ವಿಶ್ವಕಪ್ಪುಗಳನ್ನು ತನ್ನ ನಾಡಿಗೆ ತಂದುಕೊಟ್ಟವರಲ್ಲಿ ಅಗ್ರಗಣ್ಯನಾದನು. ೧೯೬೨ರಲ್ಲಂತೂ ಪೆಲೆಯು ಎರಡನೆಯ ಪಂದ್ಯದಲ್ಲಿಯೇ ಗಾಯಗೊಂಡು ಹೊರಗುಳಿಯಲು, ಭಾರವೆಲ್ಲವೂ ಗರಿಂಚಾನ ಹೆಗಲಿಗೇ ಬಿದ್ದಿತು. ಜನರು ಆತನನ್ನು ‘ಜನತೆಯ ಆನಂದ’ವೆಂದು ಕರೆದರು. ಇಂಥವನು ಹೆಂಡತಿಯನ್ನೂ ಅನೇಕ ಹೆಣ್ಣುಮಕ್ಕಳನ್ನೂ ತೊರೆದು ಪ್ರಸಿದ್ಧ ಗಾಯಕಿ ಎಲ್ಜಾ ಸೋರೆಸಳೊಡನೆ ಸಂಸಾರ ಹೂಡಿದಾಗ, ಜನರ ಕೋಪವು ಯಾರ ಮೇಲೆ ಹರಿಯಿತು? ಮನೆಯನ್ನು ಬಿಟ್ಟುಬಂದ ಗಂಡಸಿನ ಮೇಲಲ್ಲ, ಆ ಗಾಯಕಿಯ ಮೇಲೆ. ಮನೆಮುರುಕಿಯೆಂದು ಬೈದರು, ಆಕೆಯ ಮನೆಗೆ ಕಲ್ಲು ತೂರಿದರು. ಆತನ ಕುಡಿತವನ್ನು ಬಿಡಿಸಲು ಹೆಣಗಿದವಳೂ ಆಕೆಯೇ. ೧೯೬೯ರಲ್ಲಿ ಆತನು ನಡೆಯಿಸುತ್ತಿದ್ದ ಕಾರು ಅಪಘಾತಕ್ಕೀಡಾಗಿ ಆಕೆಯ ತಾಯಿ ಸತ್ತಳು. ಕಡೆಗೆ ಆತನ ಕೈಯ ಹೊಡೆತವನ್ನೂ ತಿಂದು, ೧೯೭೭ರಲ್ಲಿ ಆಕೆ ಬೇರೆಯಾದಳು. ೧೯೮೩ರ ಜನವರಿ ೨೦ರಂದು ಗರಿಂಚಾನು ಯಕೃತ್ತು ಕೆಟ್ಟು, ತನ್ನ ೪೯ನೆಯ ವಯಸ್ಸಿನಲ್ಲಿ ದರಿದ್ರನಾಗಿ ಸತ್ತನು. ಬದುಕಿದ್ದಾಗ ಔಷಧೋಪಚಾರಕ್ಕೆ ಕಾಣದ ಜನರು ಅಂತ್ಯಯಾತ್ರೆಗೆ ಸಾವಿರಗಟ್ಟಲೆ ನೆರೆದರು. ಎಲ್ಜಾಳು ೨೦೨೨ರಲ್ಲಿ, ಅದೇ ಜನವರಿ ೨೦ರಂದು, ತೀರಿಕೊಂಡಳು. ಆಕೆಯ ಹಾಡಿಗೆ ನ್ಯಾಯ ದೊರೆಯಲು ಬ್ರಜಿಲ್ ದೇಶಕ್ಕೆ ದಶಕಗಳೇ ಹಿಡಿದುವು.

ಎರಡನೆಯವನು ಬೆಲ್‌ಫಾಸ್ಟ್ ನಗರದ ಜಾರ್ಜ್ ಬೆಸ್ಟ್. ಹದಿನೈದರ ಪ್ರಾಯದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಸೇರಿ, ೧೯೬೮ರಲ್ಲಿ ಆ ತಂಡಕ್ಕೆ ಯೂರೋಪಿಯನ್ ಕಪ್ಪನ್ನು ಗೆಲ್ಲಿಸಿ, ಅದೇ ವರ್ಷ ಯೂರೋಪಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಯನ್ನು ಪಡೆದವನು, ೧೯೭೪ರ ಆರಂಭದಲ್ಲಿ, ಕೇವಲ ೨೭ ವರ್ಷದವನಿರುವಾಗಲೇ, ಆ ತಂಡದಿಂದ ಹೊರಬಿದ್ದನು. ಕಾರಣ ಕುಡಿತ. ಆತನ ತಾಯಿಯೂ ಕುಡಿತದ ರೋಗಕ್ಕೆ ತುತ್ತಾಗಿ ೧೯೭೮ರಲ್ಲಿ ಸತ್ತವಳೆಂಬ ಸಂಗತಿಯನ್ನು ಇಲ್ಲಿ ಲಕ್ಷ್ಯದಲ್ಲಿಡತಕ್ಕದ್ದು. ಗಳಿಸಿದುದನ್ನೆಲ್ಲ ಕುಡಿತಕ್ಕೂ ಹೆಂಗಸರಿಗೂ ಕಾರುಗಳಿಗೂ ಸುರಿದೆನೆಂಬ ಒಂದು ಹಾಸ್ಯೋಕ್ತಿಯು ಆತನ ಹೆಸರಿನಲ್ಲಿ ಪ್ರಚಲಿತವಿರುವದು. ಅಭಿಮಾನಿಗಳು ಇಂದಿಗೂ ಅದನ್ನು ಹೇಳಿ ನಗುವರು. ಆ ನಗೆಯೇ ಆತನ ಬಟ್ಟಲನ್ನು ಎಷ್ಟು ಸಲ ತುಂಬಿತೋ! ೨೦೦೨ರಲ್ಲಿ ಆತನಿಗೆ ಬೇರೊಬ್ಬರ ಯಕೃತ್ತನ್ನು ಜೋಡಿಸಿದರು. ಮರುವರ್ಷವೇ ಆತನು ಮರಳಿ ಕುಡಿಯತೊಡಗಲು, ನಕ್ಕವರೇ ಕಿಡಿಕಾರಿದರು. ೨೦೦೫ರ ನವೆಂಬರ ೨೫ರಂದು ಆತನು ಸತ್ತನು. ಮರುವರ್ಷ ಬೆಲ್‌ಫಾಸ್ಟಿನ ವಿಮಾನನಿಲ್ದಾಣಕ್ಕೆ ಆತನ ಹೆಸರಿಟ್ಟರು. ಮೂವತ್ತು ವರ್ಷಗಳವರೆಗೆ ಒಬ್ಬ ರೋಗಿಯನ್ನು ಮೊದಲು ವಿನೋದಗಾರನೆಂದೂ, ಅನಂತರ ಕೃತಘ್ನನೆಂದೂ, ಕೊನೆಗೆ ದೇವತೆಯೆಂದೂ ಕಂಡರೇ ಹೊರತು ರೋಗಿಯೆಂದು ಕಂಡವರು ವಿರಳ.

ಮೂರನೆಯವನು ಅರ್ಜೆಂಟೈನಾದ ದಿಯೇಗೊ ಮರದೋನಾ. ಈತನ ಕಥೆಯಲ್ಲಿ ಅಭಿಮಾನಿಯ ತಕ್ಕಡಿಯು ಬಯಲಿಗೆ ಬಿದ್ದಷ್ಟು ಸ್ಪಷ್ಟವಾಗಿ ಇನ್ನೆಲ್ಲಿಯೂ ಬಿದ್ದಿಲ್ಲ. ೧೯೮೪ರಲ್ಲಿ ಈತನು ಇಟಲಿಯ ನೇಪಲ್ಸ್ ನಗರದ ತಂಡಕ್ಕೆ ಬಂದನು. ಅದುವರೆಗೆ ಇಟಲಿಯ ಲೀಗ್ ಪ್ರಶಸ್ತಿಯನ್ನು ಒಮ್ಮೆಯೂ ಕಾಣದ ಆ ತಂಡವು ೧೯೮೭ರಲ್ಲಿಯೂ ೧೯೯೦ರಲ್ಲಿಯೂ ಅದನ್ನು ಗೆದ್ದಿತು. ಕೊಕೇನು ಎಂಬ ಮಾದಕದ ಚಟವು ತನಗೆ ನೇಪಲ್ಸಿಗೆ ಬರುವ ಮೊದಲೇ, ಬಾರ್ಸಿಲೋನದಲ್ಲಿಯೇ, ಅಂಟಿತೆಂದು ಮರದೋನಾನೇ ಮುಂದೆ ಒಪ್ಪಿಕೊಂಡಿರುವನು. ೧೯೮೬ರಲ್ಲಿ, ಈತನು ವಿಶ್ವಕಪ್ಪನ್ನು ಗೆದ್ದ ವರ್ಷವೇ, ನೇಪಲ್ಸಿನ ಒಬ್ಬ ಹೆಣ್ಣುಮಗಳು ಈತನ ಮಗನನ್ನು ಹೆತ್ತಳು. ಈತನು ಆ ಮಗುವನ್ನು ತನ್ನದೆನ್ನಲಿಲ್ಲ. ಗೋಲುಗಳು ಬೀಳುತ್ತಿರುವವರೆಗೆ ಆ ನಗರದ ಅಭಿಮಾನಿಗೆ ಇವು ಯಾವುವೂ ದೊಡ್ಡ ಅಪರಾಧಗಳಾಗಿ ತೋರಲಿಲ್ಲ. ೧೯೯೦ರ ಜುಲೈ ೩ರಂದು, ಅದೇ ನೇಪಲ್ಸಿನ ಮೈದಾನದಲ್ಲಿ, ವಿಶ್ವಕಪ್ಪಿನ ಉಪಾಂತ್ಯ ಪಂದ್ಯದಲ್ಲಿ ಅರ್ಜೆಂಟೈನಾವು ಇಟಲಿಯನ್ನು ಸೋಲಿಸಿತು. ಗಾಳಿ ಬದಲಾಯಿತು. ೧೯೯೧ರ ಮಾರ್ಚಿಯಲ್ಲಿ ಮಾದಕಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ಹದಿನೈದು ತಿಂಗಳ ಬಹಿಷ್ಕಾರವನ್ನು ಹೊತ್ತು ಈತನು ಇಟಲಿಯನ್ನು ಬಿಟ್ಟನು. ಮನುಷ್ಯನು ಅವನೇ, ಚಟವೂ ಅದೇ. ಬದಲಾದುದು ಫಲಿತಾಂಶ ಮಾತ್ರ. ತಿರಸ್ಕೃತನಾದ ಆ ಮಗನನ್ನು ಮರದೋನಾನು ಸಾರ್ವಜನಿಕವಾಗಿ ತನ್ನವನೆಂದು ಅಪ್ಪಿಕೊಳ್ಳುವಾಗ ಅವನಿಗೆ ಮೂವತ್ತು ವರ್ಷ ತುಂಬುತ್ತ ಬಂದಿದ್ದಿತು.

ಮರದೋನಾನು ಸತ್ತುದು ೨೦೨೦ರಲ್ಲಿ, ಬೆಸ್ಟನು ಸತ್ತ ನವೆಂಬರ ೨೫ರಂದೇ. ಅರ್ಜೆಂಟೈನಾದ ಸರಕಾರವು ಮೂರು ದಿನಗಳ ಶೋಕವನ್ನು ಸಾರಿತು. ೨೦೧೨ರಲ್ಲಿ ಕಣ್ಣೂರಿಗೆ ಬಂದ ಆತನನ್ನು ಕಣ್ಣಾರೆ ಕಂಡ ನೆರೆಯ ಕೇರಳದಲ್ಲಿಯೂ ಕ್ರೀಡಾಲೋಕವು ಶೋಕವನ್ನಾಚರಿಸಿತು. ಆ ನವೆಂಬರ ೨೫ಕ್ಕೆ ಇನ್ನೊಂದು ಅರ್ಥವೂ ಉಂಟೆಂಬದು ಆ ದಿನ ಎಷ್ಟು ಜನರಿಗೆ ನೆನಪಾಯಿತೋ ತಿಳಿಯದು. ೧೯೬೦ರ ಅದೇ ದಿನ ಡೊಮಿನಿಕನ್ ದೇಶದಲ್ಲಿ ಕೊಲೆಯಾದ ಮಿರಾಬಾಲ್ ಸೋದರಿಯರ ನೆನಪಿಗಾಗಿ ಸಂಯುಕ್ತ ರಾಷ್ಟ್ರಸಂಘವು ಅದನ್ನು ಸ್ತ್ರೀಯರ ಮೇಲಿನ ಹಿಂಸೆಯ ನಿವಾರಣೆಯ ದಿನವೆಂದು ಗೊತ್ತುಪಡಿಸಿರುವದು. ಮೂರು ದಿನಗಳ ತರುವಾಯ ಸ್ಪೇನ್ ದೇಶದ ಒಂದು ಪಂದ್ಯದಲ್ಲಿ ಮರದೋನಾನ ಗೌರವಾರ್ಥವಾಗಿ ಎಲ್ಲರೂ ಮೌನವಾಗಿ ನಿಂತಾಗ, ಪೌಲಾ ದಾಪೇನಾ ಎಂಬ ಯುವ ಆಟಗಾರ್ತಿಯೊಬ್ಬಳು ಬೆನ್ನು ತಿರುಗಿಸಿ ನೆಲದ ಮೇಲೆ ಕುಳಿತುಬಿಟ್ಟಳು. ಹಿಂಸೆಯನ್ನುಂಡ ಹೆಂಗಸರಿಗಾಗಿ ಯಾರೂ ಮೌನವಾಚರಿಸದಿರುವಾಗ, ಆ ಆರೋಪವನ್ನು ಹೊತ್ತವನಿಗಾಗಿ ತಾನು ನಿಲ್ಲಲಾರೆನೆಂಬದು ಆಕೆಯ ವಾದದ ಸಾರ. ಪ್ರತಿಯಾಗಿ ಆಕೆಗೆ ದೊರೆತುದು ಬೈಗುಳು, ಕೊಲೆಬೆದರಿಕೆ. ಎಲ್ಜಾಳ ಮನೆಗೆ ಬಿದ್ದ ಕಲ್ಲುಗಳೇ ಅರ್ಧ ಶತಮಾನದ ಮೇಲೆ ಈ ರೂಪದಲ್ಲಿ ಬಿದ್ದುವೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಇದೆಲ್ಲ ಪರದೇಶದ ಮಾತು, ನಮಗೇಕೆ ಎಂದು ಕೇಳುವವರಿಗೆ ಒಂದು ಪ್ರಶ್ನೆ. ನಮ್ಮ ನದಿಯ ಬಯಲಿನ ಭತ್ತದ ಗದ್ದೆಗಳಲ್ಲಿ ದುಡಿಯುವ ಕೂಲಿಕಾರನು ಸಂಜೆ ಕುಡಿದು ಬಂದು ಹೆಂಡತಿಯನ್ನು ಹೊಡೆದರೆ ಊರ ಹಿರಿಯರು ಕರೆಯಿಸಿ ಛೀಮಾರಿ ಹಾಕುವರು. ಪೋಲೀಸು ಠಾಣೆಯ ಮೆಟ್ಟಿಲನ್ನೂ ಹತ್ತಿಸುವರು. ಗೋಲು ಹೊಡೆದವನು ಹೆಂಡತಿಯನ್ನೂ ಹೊಡೆದರೆ ಅದು ‘ಪ್ರತಿಭಾವಂತನ ದುರಂತ’ವಾಗುವದು, ಅದರ ಮೇಲೆ ಪುಸ್ತಕಗಳೂ ಚಲಚ್ಚಿತ್ರಗಳೂ ಹುಟ್ಟುವವು. ಹೊಡೆತವನ್ನು ತಿಂದ ಬೆನ್ನಿಗೆ ಈ ಎರಡರಲ್ಲಿ ಏನು ಭೇದವಿರುವದು? ೨೦೦೫ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಕೌಟುಂಬಿಕ ಹಿಂಸೆಯ ಕಾಯಿದೆಯಲ್ಲಿ ಆಟಗಾರರಿಗೆ ವಿನಾಯಿತಿಯ ಕಲಮು ಇರುವದಿಲ್ಲ. ಅಭಿಮಾನಿಯ ಮನಸ್ಸಿನಲ್ಲಿ ಮಾತ್ರ ಅಂಥದೊಂದು ಕಲಮು ಬರೆಯದೆಯೇ ಜಾರಿಯಲ್ಲಿರುವದು.

ಹಾಗಾದರೆ ನಡತೆ ಕೆಟ್ಟವನ ಆಟವನ್ನು ನೋಡಲೇಬಾರದೆ? ಹಾಗೆ ಹೇಳುವದು ನಮ್ಮ ಅಭಿಪ್ರಾಯವಲ್ಲ. ಬೆಂಗಳೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡಕರ, ಮದರ್ ತೆರೇಸಾ ಇವರ ಮೂರ್ತಿಗಳ ಜತೆಯಲ್ಲಿ ಪೆಲೆಯ ಮೂರ್ತಿಯೂ ನಿಂತಿರುವದು. ಬಡವರ ಕೇರಿಯ ಹುಡುಗರಿಗೆ ಅದರಿಂದ ಬಂದ ಹುರುಪು ಅಲ್ಪವಲ್ಲ. ಆದರೂ ನ್ಯಾಯಾಲಯವು ಮಗಳೆಂದು ತೀರ್ಪಿತ್ತ ಹೆಣ್ಣುಮಗಳನ್ನು ಅದೇ ಪೆಲೆಯು ಹತ್ತಿರ ಸೇರಿಸಲಿಲ್ಲವೆಂಬದೂ, ಆಕೆ ೨೦೦೬ರಲ್ಲಿ ಕ್ಯಾನ್ಸರಿನಿಂದ ಸತ್ತಳೆಂಬದೂ ಅಷ್ಟೇ ನಿಜ. ಮೂರ್ತಿಯನ್ನು ಕೆಡಹಬೇಕಾದುದಿಲ್ಲ; ಹುಡುಗರಿಗೆ ಎರಡು ಮಾತುಗಳನ್ನೂ ಹೇಳಿದರೆ ಸಾಕು. ಕಾಲಿನ ಚಳಕಕ್ಕೆ ಕಾಲಿನ ಮಟ್ಟಿಗೆ ಮನ್ನಣೆ ಸಲ್ಲಲಿ. ಮನೆಯ ಸಾಲವನ್ನು ಮೈದಾನದ ಗಳಿಕೆಯಿಂದ ತೀರಿಸಿದಂತೆ ಲೆಕ್ಕ ಬರೆಯುವದು ಬೇಡ.

ಇನ್ನು ದೋಷಗಳೊಳಗೂ ತಾರತಮ್ಯವುಂಟು. ಕುಡಿತವೂ ಮಾದಕದ ಚಟವೂ ಮೈಯನ್ನೂ ಮನಸ್ಸನ್ನೂ ಹಿಡಿದ ರೋಗಗಳು; ಅವಕ್ಕೆ ಬೇಕಾದುದು ವೈದ್ಯನೇ ಹೊರತು ಕಲ್ಲೂ ಅಲ್ಲ, ನಗೆಯೂ ಅಲ್ಲ. ಇನ್ನೊಬ್ಬರ ಮೇಲೆ ಕೈಯೆತ್ತುವದು ಅಪರಾಧ. ಅದಕ್ಕೆ ಬೇಕಾದುದು ನ್ಯಾಯಾಧೀಶನು. ದೂರು ಬಂದಾಗ ದೂರಿತ್ತವಳ ಮಾತನ್ನು ಗೌರವದಿಂದ ಕೇಳತಕ್ಕದ್ದು. ಕಂಪಿಲರಾಯನಂತೆ ವಿಚಾರಣೆಯಿಲ್ಲದೆ ತಲೆ ಹೊಡೆಯುವದೂ ಸಲ್ಲದು, ಆಟಗಾರನು ನಮ್ಮವನೆಂಬ ಮೋಹದಿಂದ ಆಕೆಯನ್ನು ಸುಳ್ಳಿಯೆನ್ನುವದೂ ಸಲ್ಲದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆಯು ಎರಡು ಪಕ್ಷಗಳಿಗೂ ಸಮನಾದುದು.

ನಮ್ಮ ಅಭಿಮಾನಕ್ಕೆ ಇನ್ನೊಂದು ಕೊರತೆಯೂ ಉಂಟು. ೧೯೪೮ರ ಜುಲೈ ೩೧ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಬಹುಮಟ್ಟಿಗೆ ಬರಿಗಾಲಿನಿಂದಲೇ ಆಡಿದ ಭಾರತ ತಂಡವು ಫ್ರಾನ್ಸಿಗೆ ೨–೧ರಿಂದ ಸೋತಿತು. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನರು ೧೯೫೧ರ ಏಶ್ಯನ್ ಕ್ರೀಡೆಗಳಲ್ಲಿ ಚಿನ್ನವನ್ನು ಗೆದ್ದ ತಂಡದಲ್ಲಿಯೂ ಆಡಿ, ೨೦೧೭ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ೨೦೨೩ರ ಮಾರ್ಚಿ ೪ರಂದು ಕರ್ನಾಟಕವು ರಿಯಾಧದಲ್ಲಿ ಮೇಘಾಲಯವನ್ನು ೩–೨ರಿಂದ ಸೋಲಿಸಿ, ೫೪ ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಮರಳಿ ಪಡೆಯಿತು. ಪರದೇಶದ ಆಟಗಾರನ ವಿವಾಹವಿಚ್ಛೇದನದ ವಿವರಗಳನ್ನೆಲ್ಲ ಬಾಯಿಪಾಠವಾಗಿ ಹೇಳಬಲ್ಲ ನಮ್ಮ ಅಭಿಮಾನಿಗಳಲ್ಲಿ ಎಷ್ಟು ಜನರು ಈ ಕನ್ನಡನಾಡಿನ ಆಟಗಾರರ ಹೆಸರನ್ನು ಬಲ್ಲರು? ಮರೆವು ಕೂಡ ಒಂದು ಬಗೆಯ ತೀರ್ಪೇ ಆಗಿರುವದು.

ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ ೨೦೧೮ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾಸಂಸ್ಥೆಗೆ ದೇಶದ ನಾನಾ ಭಾಗಗಳಿಂದ ಮಕ್ಕಳು ಮನೆಮಾರು ಬಿಟ್ಟು ಬಂದು ವಾಸವಾಗಿ ಕಲಿಯುವರು. ಮೈಯನ್ನು ಹುರಿಗೊಳಿಸುವ ಶಿಕ್ಷಕರು ಅಂಥಲ್ಲಿ ದೊರೆಯುವರು. ಹದಿನೆಂಟರ ಹುಡುಗನ ಕೈಗೆ ಹಠಾತ್ತನೆ ಹಣವೂ ಹೆಸರೂ ಬಂದಾಗ ಅವನ್ನು ತಾಳಿಕೊಳ್ಳುವ ಬಗೆಯನ್ನು ಕಲಿಸುವವರೂ, ಮನಸ್ಸು ಕೆಟ್ಟಾಗ ಸಂಕೋಚವಿಲ್ಲದೆ ಹೋಗಿ ಹೇಳಿಕೊಳ್ಳಬಹುದಾದ ವೈದ್ಯರೂ ನಾಡಿನ ಪ್ರತಿಯೊಂದು ಕ್ರೀಡಾಶಾಲೆಯಲ್ಲಿಯೂ ಇರಬೇಕಾದುದು ಅವಶ್ಯ. ಇದಕ್ಕೆ ಬೇಕಾದ ವೆಚ್ಚವು ಒಂದು ಸತ್ಕಾರಸಮಾರಂಭದ ವೆಚ್ಚಕ್ಕಿಂತ ಹೆಚ್ಚಾಗದು. ಜಿಲ್ಲೆಯ ಅಧಿಕಾರಿಗಳೂ ಸಂಘಸಂಸ್ಥೆಗಳ ಚಾಲಕರೂ ಇತ್ತ ಗಮನವೀಯಬೇಕು. ಅಭಿಮಾನಿಗಳಾದ ತರುಣ ಮಿತ್ರರಲ್ಲಿ ನಮ್ಮ ವಿನಂತಿಯು ಇದಕ್ಕಿಂತ ಸುಲಭವಾದುದು: ಮೆಚ್ಚಿದ ಆಟಗಾರನ ಮನೆಯಿಂದ ಅಳುವಿನ ದನಿ ಕೇಳಿಬಂದರೆ, ಆ ದಿನದ ಪಂದ್ಯದಲ್ಲಿ ಗೆದ್ದವರು ಯಾರೆಂದು ವಿಚಾರಿಸುವ ಮೊದಲು, ಒಳಗೆ ಅಳುತ್ತಿರುವವರು ಯಾರೆಂದು ವಿಚಾರಿಸಿರಿ.